ಬೋರ್ಡು ಹಾಕಿದ ಬಾಯಮ್ಮ

ಈ ಪ್ರಪಂಚದಲ್ಲಿ ನನಗೆ ಬಾರದ ಕೆಲಸಗಳು ಬಹಳ ಉಂಟು. ಸೈಕಲ್ ಬಿಡಲು ಬರುವುದಿಲ್ಲ. ಬ್ಯಾಂಕಿನ ಚಲನ್ ತುಂಬಿಸಲು ಬರುವುದಿಲ್ಲ. ಇಗರ್ಜಿಯಲ್ಲಿ ನಾನು ಹಾಡಲು ಬಾಯಿ ತೆರೆದರೆ ಪಕ್ಕದವರು ಭಕ್ತಿಯಿಂದಲೇ ಸ್ವಲ್ಪ ಆಚೆ ಸರಿದು ನಿಲ್ಲುತ್ತಾರೆ. ಆದರೆ ಮಕ್ಕಳನ್ನು ನೋಡಿಕೊಳ್ಳುವ ವಿಷಯದಲ್ಲಿ ಮಾತ್ರ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ತಿಳಿದುಕೊಂಡಿದ್ದೆ. ತಮ್ಮ ತಂಗಿಯರ ಮೂಗು ಒರೆಸುತ್ತಲೇ ಬೆಳೆದವಳು ನಾನು. ಎಂಥ ಹಟದ ಮಗುವನ್ನಾದರೂ ನನ್ನ ಸೊಂಟದ ಮೇಲೆ ಕುಳ್ಳಿರಿಸಿ, ಅಂಗಳಕ್ಕೆ ಒಂದು ಸುತ್ತು ಬಂದರೆ ಸಾಕು. ಅಳು ಬಂದ್!

ಇದಕ್ಕೆ ಸರಕಾರದ ಅನುಮತಿ ಬೇಕಾಗಬಹುದು ಎಂದು ಆಗ ಯಾರಾದರೂ ಹೇಳಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಸೊಂಟಕ್ಕೆ ಲೈಸನ್ಸಾ?

ನಮ್ಮ ಮನೆ ಇರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಪುತ್ತಿಗೆ ಕಡೆಗೆ ಹೋಗುವ ಬಸ್ಸಿನ ದಾರಿಯಲ್ಲಿ. ನನ್ನ ಗಂಡ ಗ್ರೆಗರಿಗೆ ಪೇಟೆಯಲ್ಲಿ ಪಂಪು ರಿಪೇರಿಯ ಅಂಗಡಿ. ಅವರದ್ದು ಮಾತು ಕಡಿಮೆ. ಸುಟ್ಟುಹೋದ ಮೋಟರಿನ ಎದುರು ದಿನವಿಡೀ ಕುಳಿತು ಅಭ್ಯಾಸವಾಗಿ, ಹೆಂಡತಿಯ ಎದುರು ಕೂಡ ಹಾಗೆಯೇ ಕುಳಿತುಕೊಳ್ಳುತ್ತಾರೆ. ಇಬ್ಬರು ಹೆಣ್ಣುಮಕ್ಕಳು ಬೆಳಿಗ್ಗೆ ಬಸ್ಸು ಹಿಡಿದು ಮಂಗಳೂರಿನ ಕಾಲೇಜಿಗೆ ಹೋದರೆ ಮನೆಯಲ್ಲಿ ಉಳಿಯುವವಳು ನಾನೊಬ್ಬಳೇ. ಕಾಗದದಲ್ಲಿ ನನ್ನ ಹೆಸರು ಲಿಲ್ಲಿ ಡಿಸೋಜ. ಆದರೆ ನಮ್ಮ ಕಡೆ ಕ್ರಿಶ್ಚನ್ ಹೆಂಗಸರನ್ನು ಕರೆಯುವ ಹಾಗೆ, ಊರಿಗೆಲ್ಲ ನಾನು ಬರೇ 'ಬಾಯಮ್ಮ'.

ಶುರುವಾದದ್ದು ಪಕ್ಕದ ಮನೆಯ ಸುಮತಿ ಟೀಚರಿಂದ. ಅವರಿಗೆ ಬೆಳ್ಳೂರಿನ ಕಡೆಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಮಗಳು ಚಿನ್ನುವಿಗೆ ಆಗ ಇನ್ನೂ ಹಲ್ಲು ಪೂರ್ತಿ ಬಂದಿರಲಿಲ್ಲ.

"ಬಾಯಮ್ಮ, ಒಂದೆರಡು ದಿನ ಇವಳನ್ನು ಇಲ್ಲಿ ಬಿಡಲಾ? ಅಷ್ಟರಲ್ಲಿ ಎಂತಾದರೂ ವ್ಯವಸ್ಥೆ ಮಾಡ್ತೇನೆ," ಎಂದರು.

"ಬಿಡಿ ಟೀಚರ್, ಅದಕ್ಕೆಂತ ಕೇಳುವುದು!" ಎಂದೆ.

ಚಿನ್ನು ನಮ್ಮ ಮನೆಯಲ್ಲಿ ನಡೆಯಲು ಕಲಿತಳು, ಮಾತು ಕಲಿತಳು, ಗ್ರೆಗರಿಯ ಸ್ಕ್ರೂಡ್ರೈವರುಗಳನ್ನು ಅಕ್ಕಿ ಡಬ್ಬಿಯಲ್ಲಿ ಅಡಗಿಸಲು ಕಲಿತಳು. ಟೀಚರಿನ ವ್ಯವಸ್ಥೆ ಬರಲೇ ಇಲ್ಲ. ಅವಳ ಹಿಂದೆ ಜಮೀಲಾಳ ಮಗ ಅನಸ್ ಬಂದ. ಜಮೀಲಾ ಕುಂಬಳೆಯ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಕಷ್ಟಪಟ್ಟು ಓದಿ ಅವಳ ಮನೆಯಲ್ಲಿ ಮೊತ್ತಮೊದಲು ಕೆಲಸಕ್ಕೆ ಹೋದ ಹುಡುಗಿ. ಅನಸ್‌ಗೆ ಎರಡು ವರ್ಷ ದಾಟಿದ್ದರೂ ಮಾತು ಬಂದಿರಲಿಲ್ಲ. "ಕಾಯಿರಿ, ಬರುತ್ತದೆ," ಎಂದು ಡಾಕ್ಟರು ಹೇಳಿದ್ದರು. ಜಮೀಲಾ ಕಾಯುತ್ತಿದ್ದಳು. ನಾನೂ ಕಾಯುತ್ತಿದ್ದೆ. ಅವನು ಮಾತ್ರ ಯಾವ ಅವಸರವೂ ಇಲ್ಲದೆ, ಹಿತ್ತಿಲಿನ ಇರುವೆಗಳ ಸಾಲಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಅವುಗಳ ಕೆಲಸದ ಮೇಲ್ವಿಚಾರಣೆ ಮಾಡುತ್ತಿದ್ದ.

ಆಮೇಲೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ ಮಕ್ಕಳು ಎಂಟಾದರು. ತಾಯಂದಿರು ಕೈಲಾದದ್ದು ಕೊಡುತ್ತಿದ್ದರು. ಒಬ್ಬರು ಹಣ ಕೊಟ್ಟರೆ, ಒಬ್ಬರು ಬಂಗುಡೆ ಮೀನು ತರುತ್ತಿದ್ದರು. ಬೆಳಿಗ್ಗೆ ಗಂಜಿ, ಹತ್ತು ಗಂಟೆಗೆ ಜಗಳ, ಮಧ್ಯಾಹ್ನ ಚಾಪೆಯ ಮೇಲೆ ಸಾಲಾಗಿ ನಿದ್ದೆ. ಆ ಸಾಲನ್ನು ನೋಡುತ್ತಾ ಒಂದು ಲೋಟ ಚಾ ಕುಡಿಯುವಾಗ ನನಗೆ ಅನಿಸುತ್ತಿತ್ತು, ಕಲೆಕ್ಟರಿಗೂ ಇಷ್ಟು ಸುಖ ಇರಲಿಕ್ಕಿಲ್ಲ.

ಸುಖವನ್ನು ಹಾಗೆಯೇ ಇರಲು ಬಿಡಬೇಕಿತ್ತು. ಬಿಡಲಿಲ್ಲ.

ವಾಟ್ಸಾಪ್ ಆಗಷ್ಟೇ ನಮ್ಮ ಊರಿಗೆ ಕಾಲಿಟ್ಟ ಕಾಲ. ಒಂದು ಮದುವೆಗೆ ಮಂಗಳೂರಿಗೆ ಹೋಗಿದ್ದೆ. ಅಲ್ಲಿ ನನ್ನ ದೊಡ್ಡಪ್ಪನ ಮಗಳು ಫ್ಲೇವಿ ಸಿಕ್ಕಿದಳು. ಅವಳು ತನ್ನ ಮನೆಯ ಕೆಳಗಿನ ಕೋಣೆಯಲ್ಲಿ ಮಕ್ಕಳ ಡೇ ಕೇರ್ ನಡೆಸುತ್ತಾಳೆ. ಫೋನಿನಲ್ಲಿ ಅದರ ಬೋರ್ಡಿನ ಫೋಟೋ ತೋರಿಸಿದಳು. ಬಣ್ಣ ಬಣ್ಣದ ಅಕ್ಷರ, ಎರಡು ಕಡೆ ಎರಡು ಮೊಲ.

"ನೀನೆಂತ ಮಾಡ್ತಿ ಈಗ ಲಿಲ್ಲಿ?"

"ನಾನೂ ಮಕ್ಕಳನ್ನು ನೋಡಿಕೊಳ್ತೇನೆ. ಮನೆಯಲ್ಲೇ. ಎಂಟು ಮಂದಿ ಇದ್ದಾರೆ."

"ಬೋರ್ಡು ಉಂಟಾ?"

"ಇಲ್ಲ."

"ಓ," ಎಂದಳು ಫ್ಲೇವಿ, ಐಸ್‌ಕ್ರೀಮಿನ ಚಮಚ ನೆಕ್ಕುತ್ತಾ. "ಹಾಗಾದರೆ ಆಯಾ ಕೆಲಸ."

ಮದುವೆಯ ಊಟ ನನಗೆ ಅಲ್ಲಿಗೇ ಮುಗಿಯಿತು. ಬಸ್ಸಿನಲ್ಲಿ ಬರುವಾಗ ತಲಪಾಡಿ ದಾಟುವಷ್ಟರಲ್ಲಿ ನನ್ನ ಮನಸ್ಸಿನಲ್ಲಿ ಬೋರ್ಡು ರೆಡಿಯಾಗಿತ್ತು. ಎರಡಲ್ಲ, ನಾಲ್ಕು ಮೊಲ!

ಗ್ರೆಗರಿಗೆ ವಿಷಯ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ ಒಂದೇ ಮಾತು ಹೇಳಿದರು.

"ಬೋರ್ಡು ಯಾರಿಗೆ ಮಾರಾಯ್ತಿ? ಮಕ್ಕಳಿಗೆ ಓದಲಿಕ್ಕೆ ಬರುವುದಿಲ್ಲ."

ವರ್ಷಕ್ಕೊಮ್ಮೆ ಬಾಯಿ ಬಿಡುವ ಮನುಷ್ಯ ಬಿಟ್ಟಾಗ ಕೇಳಬೇಕು. ನಾನು ಕೇಳಲಿಲ್ಲ. ಮರುವಾರವೇ ಪೇಟೆಯ ಪೈಂಟರಿಗೆ ಆರ್ಡರು ಕೊಟ್ಟೆ. 'ಲಿಟಲ್ ಏಂಜಲ್ಸ್ ಡೇ ಕೇರ್' ಎಂದು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಮಲಯಾಳದಲ್ಲಿ. ನಾನು ಓದಿದ್ದು ಕನ್ನಡ ಮೀಡಿಯಮ್ಮಿನಲ್ಲಿ. ಮಲಯಾಳ ಮಾತಾಡಿದರೆ ತಿಳಿಯುತ್ತದೆ, ಹೇಗೋ ಮಾತಾಡಲೂ ಬರುತ್ತದೆ. ಓದಲು ಬರುವುದು ಬಸ್ಸಿನ ಹಣೆಯಲ್ಲಿರುವುದನ್ನು ಮಾತ್ರ. ಬೋರ್ಡು ಬಂದಾಗ ಮಲಯಾಳದ ಸಾಲು ನಾನು ಹೇಳಿದ್ದಕ್ಕಿಂತ ಸ್ವಲ್ಪ ಉದ್ದ ಇದ್ದ ಹಾಗೆ ಕಂಡಿತು. ಮಲಯಾಳ ಅಕ್ಷರವೇ ಗುಂಡಗೆ, ಜಾಗ ಹೆಚ್ಚು ಬೇಕಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಮೊಲಗಳು ಚೆನ್ನಾಗಿದ್ದವು. ಒಂದು ಸ್ವಲ್ಪ ಇಲಿಯ ಹಾಗೆ ಇತ್ತು.

ಬೋರ್ಡನ್ನು ಗೇಟಿಗೆ ಕಟ್ಟಿ ವಾರವಾಗಿರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ನಮ್ಮ ವಾರ್ಡಿನ ಮೆಂಬರು ಬೈಕು ನಿಲ್ಲಿಸಿದರು. ಒಳ್ಳೆಯ ಮನುಷ್ಯ. ಬೋರ್ಡನ್ನು ಮೇಲಿಂದ ಕೆಳಗೆ ಓದಿದರು.

"ಹೋ, ಭಾರೀ ಆಯಿತಲ್ಲ ಬಾಯಮ್ಮ! ಲೈಸನ್ಸ್ ಯಾವಾಗ ಸಿಕ್ಕಿತು?"

"ಎಂತ ಲೈಸನ್ಸು?"

ಅವರು ಬೋರ್ಡನ್ನು ಇನ್ನೊಮ್ಮೆ ನೋಡಿದರು. ನನ್ನನ್ನು ನೋಡಿದರು. "ಒಮ್ಮೆ ಆಫೀಸಿಗೆ ಹೋಗಿ ಕೇಳಿ ಬನ್ನಿ. ಕೇಳಿದರೆ ನಷ್ಟ ಎಂತ ಇಲ್ಲ," ಎಂದು ಬೈಕು ಸ್ಟಾರ್ಟ್ ಮಾಡಿದರು.

ಕೇಳಿದರೆ ನಷ್ಟ ಇಲ್ಲ! ಈ ಮಾತನ್ನು ನಂಬಿ ಮುಳುಗಿದವರಲ್ಲಿ ನಾನು ಮೊದಲಿಗಳಲ್ಲ.

ಯಾವ ಆಫೀಸು ಎಂದು ಇಲ್ಲಿ ಹೇಳುವುದಿಲ್ಲ. ತಪ್ಪು ಆಫೀಸಿನದ್ದಲ್ಲ, ನನ್ನ ನಾಲಗೆಯದ್ದು. ಒಳ್ಳೆಯ ಸೀರೆ ಉಟ್ಟು, ಮಕ್ಕಳ ಹೆಸರು, ವಯಸ್ಸು ಎಲ್ಲ ಒಂದು ಹಾಳೆಯಲ್ಲಿ ಚಂದಕ್ಕೆ ಬರೆದು, ಆ ದಿನ ಕಾಲೇಜಿಗೆ ರಜೆಯಿದ್ದ ನನ್ನ ಮಗಳಂದಿರಿಗೆ ಮಕ್ಕಳನ್ನು ಒಪ್ಪಿಸಿ ಹೊರಟೆ. ಬಸ್ಸು ಹತ್ತಿದ ಮೇಲೆ ನೆನಪಾಯಿತು, ಹಾಳೆ ಮನೆಯ ಮೇಜಿನ ಮೇಲೆಯೇ ಉಳಿದಿದೆ. ಕೌಂಟರಿನಲ್ಲಿದ್ದದ್ದು ಕೇರಳದ ತೆಂಕಣ ಕಡೆಯಿಂದ ಆಗ ತಾನೇ ವರ್ಗವಾಗಿ ಬಂದಿದ್ದ ಕ್ಲರ್ಕು. ಪಾಪ, ಕನ್ನಡದ ಒಂದಕ್ಷರ ಬಾರದು. "ಎಂದಾ ಚೇಚಿ?" ಎಂದು, ಏನಕ್ಕ ಎನ್ನುವ ಹಾಗೆ, ಮರ್ಯಾದೆಯಿಂದಲೇ ಕೇಳಿದರು. ನಾನು ನನ್ನ ಮಲಯಾಳ ಬಿಚ್ಚಿದೆ. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ವಿಷಯ ಹೇಳಿ, ಮಕ್ಕಳ ಪಟ್ಟಿ ಕೂಡ ಮನೆಯಲ್ಲಿ ಉಂಟು ಎಂದೆ.

ಮಲಯಾಳದಲ್ಲಿ 'ಪಟ್ಟಿ' ಎಂದರೆ ನಾಯಿ! ಇದು ಕಾಸರಗೋಡಿನಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು. ಆದರೆ ಸರಕಾರಿ ಮೇಜಿನ ಎದುರು ನಿಂತರೆ ನಾಲಗೆ ನಮ್ಮನ್ನು ಕೇಳಿ ಹೊರಳುವುದಿಲ್ಲ. ಮುಂದಿನ ಮಾತುಕತೆ ನಡೆದದ್ದು ಮಲಯಾಳದಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ಪಟ್ಟಿ ಉಂಟಾ? ಮಕ್ಕಳಿರುವ ಮನೆಯಲ್ಲಿ?" ಎಂದು ಕ್ಲರ್ಕು ತಲೆಯೆತ್ತಿದರು.

"ಉಂಟು, ಮತ್ತೆ! ಪಟ್ಟಿ ಇಲ್ಲದೆ ಆಗುತ್ತದಾ?"

"ಎಷ್ಟು?"

"ಎಂಟು," ಎಂದೆ ಹೆಮ್ಮೆಯಿಂದ. ನಾನು ಹೇಳಿದ್ದು ಮಕ್ಕಳ ಲೆಕ್ಕ.

ಅವರು ಪೆನ್ನು ಕೆಳಗಿಟ್ಟರು. "ಎಂಟೂ ಒಳಗೇ ಇರುವುದಾ?"

"ಒಳಗೂ ಇರ್ತವೆ, ಅಂಗಳದಲ್ಲೂ ಆಡ್ತವೆ."

"ಕಟ್ಟಿ ಹಾಕುವುದಿಲ್ಲವಾ?"

"ಛೇ! ಕಟ್ಟಿ ಹಾಕುವುದಾ? ಪಾಪ ಬರುವುದಿಲ್ಲವಾ? ಗೇಟು ಹಾಕಿರ್ತೇನೆ ಅಷ್ಟೇ."

"ವ್ಯಾಕ್ಸಿನ್?"

"ಎಲ್ಲರಿಗೂ ಆಗಿದೆ. ಆರೋಗ್ಯ ಕೇಂದ್ರದ ಸಿಸ್ಟರೇ ಕೊಟ್ಟದ್ದು."

ಕ್ಲರ್ಕಿನ ಮುಖದಲ್ಲಿ ಬೆವರು. ಕೊನೆಗೆ ಮೆಲ್ಲಗೆ ಕೇಳಿದರು, "ಕಚ್ಚುತ್ತವಾ?"

"ಒಬ್ಬ ಮಾತ್ರ," ಎಂದೆ. "ಅವನಿಗೆ ಹಲ್ಲು ಬರುವ ಸಮಯ."

ಅವರು ಏನನ್ನೋ ಉದ್ದಕ್ಕೆ ಬರೆದುಕೊಂಡರು. ನನ್ನ ಕೆಲಸಕ್ಕೆ ಎಷ್ಟು ಬೇಗ ಬೆಲೆ ಸಿಕ್ಕಿತು ಎಂದು ನಾನು ಒಳಗೊಳಗೇ ಉಬ್ಬಿದೆ. ನಂತರ ಮುಖ್ಯ ವಿಷಯ ಕೇಳಿದೆ.

"ಸಾರ್, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲಿಕ್ಕೆ ಲೈಸನ್ಸ್ ಯಾವಾಗ ಬೇಕಾಗುತ್ತದೆ?"

"ಸ್ವಂತ ಮಕ್ಕಳಾದರೆ ಬೇಡ. ಸಂಬಂಧಿಕರ ಮಕ್ಕಳಾದರೆ ಬೇಡ. ಪಕ್ಕದ ಮನೆಯ ಮಗುವನ್ನು ಉಪಕಾರಕ್ಕೆ ನೋಡಿಕೊಂಡರೂ ಯಾರೂ ಕೇಳುವುದಿಲ್ಲ. ಹೊರಗಿನ ಮಕ್ಕಳು ಇಷ್ಟಕ್ಕಿಂತ ಜಾಸ್ತಿ ಬಂದು, ಫೀಸು ತೆಗೆದುಕೊಂಡರೆ ಅದು 'ಸ್ಥಾಪನಂ', ಅಂದರೆ ಸಂಸ್ಥೆ. ಆಗ ಬೇಕು."

"ಇಷ್ಟು ಎಂದರೆ ಎಷ್ಟು?"

ಅವರು ಪಕ್ಕದ ಮೇಜಿನವರನ್ನು ಕೇಳಿದರು. ಪಕ್ಕದ ಮೇಜಿನವರು ಆಚೆಯ ಮೇಜಿನವರನ್ನು ಕೇಳಿದರು. ಆಚೆಯ ಮೇಜಿನವರು ಚಾ ಕುಡಿಯಲು ಹೋಗಿದ್ದರು.

"ಆಫೀಸರ್ ಮೇಡಂ ಬಂದು ನೋಡಿ ಹೇಳ್ತಾರೆ," ಎಂದು ಕ್ಲರ್ಕು ಹೇಳಿದರು. "ಬೇಗನೇ ಬರ್ತಾರೆ. ಎಂಟು ಅಂದರೆ ತಮಾಷೆಯಲ್ಲ."

ಬಸ್ಸಿನಲ್ಲಿ ಬರುವಾಗ ನನ್ನ ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು. ಸಂಬಂಧಿಕರ ಮಕ್ಕಳಾದರೆ ಬೇಡ! ಎಷ್ಟು ಸುಲಭ! ಮನೆಗೆ ಬಂದವಳೇ ಮಕ್ಕಳನ್ನೆಲ್ಲ ಚಾಪೆಯ ಮೇಲೆ ಕುಳ್ಳಿರಿಸಿ ಪಾಠ ಶುರುಮಾಡಿದೆ.

"ಇನ್ನು ಮೇಲೆ ನಾನು ಬಾಯಮ್ಮ ಅಲ್ಲ. ನಾನು ಯಾರು? ದೊಡ್ಡಮ್ಮ! ಹೇಳಿ, ದೊ-ಡ್ಡ-ಮ್ಮ."

"ದೊಡ್ಡಮ್ಮಾ!" ಎಂದು ಏಳು ಮಕ್ಕಳು ಕೂಗಿದರು. ಎಂಟನೆಯವನಾದ ಅನಸ್ ನನ್ನ ಬಾಯಿಯನ್ನೇ ನೋಡುತ್ತಾ ಕುಳಿತಿದ್ದ.

ಸಂಜೆ ಗ್ರೆಗರಿಗೆ ನನ್ನ ಉಪಾಯ ವಿವರಿಸಿದೆ. "ಯಾರಾದರೂ ಕೇಳಿದರೆ ನಿಮ್ಮ ಅಣ್ಣನ ಮಕ್ಕಳು, ನನ್ನ ತಂಗಿಯರ ಮಕ್ಕಳು ಎಂದು ಹೇಳಿದರಾಯಿತು."

ಅವರು ಏನೂ ಹೇಳಲಿಲ್ಲ. ಒಪ್ಪಿಗೆ ಎಂದು ತಿಳಿದುಕೊಂಡೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಸಂಸಾರ ಮಾಡಿಯೂ ಅವರ ಮೌನದಲ್ಲಿ ಯಾವುದು ಒಪ್ಪಿಗೆ, ಯಾವುದು ದಿಗಿಲು ಎಂದು ನನಗೆ ಗೊತ್ತಾಗುವುದಿಲ್ಲ.

ಮೂರನೆಯ ದಿನವೇ ಜೀಪು ಬಂತು. ಮೇಡಂ ಇಳಿದರು. ನಡುವಯಸ್ಸು, ಸಾದಾ ಹತ್ತಿ ಸೀರೆ, ನಗುಮುಖ. ಅವರ ಹಿಂದೆ ನಮ್ಮ ಕ್ಲರ್ಕು, ಕೈಯಲ್ಲಿ ಒಂದು ದಪ್ಪ ಕೋಲು. ಅವರು ಗೇಟಿನ ಒಳಗೆ ಕಾಲಿಡಲಿಲ್ಲ. "ಬನ್ನಿ ಸಾರ್, ಬನ್ನಿ," ಎಂದು ಎಷ್ಟು ಕರೆದರೂ "ಬೇಡ, ಇಲ್ಲೇ ಆಯಿತು," ಎಂದು ಮಾವಿನ ಮರಕ್ಕೆ ಒತ್ತಿ ನಿಂತರು. ಎಷ್ಟು ಸಂಕೋಚದ ಮನುಷ್ಯ ಎಂದುಕೊಂಡೆ.

ಮೇಡಂ ಮೆಲ್ಲಗೆ ಜಗಲಿಗೆ ಬಂದು, ಬೆಂಚಿನ ಅಡಿ ಬಗ್ಗಿ ನೋಡಿ, ಬಾಗಿಲ ಹಿಂದೆ ನೋಡಿ ಕೇಳಿದರು. ಅವರಿಗೆ ಕನ್ನಡ ಬರುತ್ತಿತ್ತು. ಆದರೆ ಆ ಒಂದು ಶಬ್ದ ಮಾತ್ರ ಮಲಯಾಳದ್ದೇ ಬಂತು.

"ಎಲ್ಲಿ ಚೇಚಿ, ಪಟ್ಟಿ?"

"ಇಲ್ಲೇ ಉಂಟು ಮೇಡಂ!" ಎಂದು ಮೇಜಿನ ಮೇಲಿದ್ದ ಹಾಳೆಯನ್ನು ತಂದು ಕೈಗೆ ಕೊಟ್ಟೆ.

ಅವರು ಹಾಳೆಯನ್ನು ನೋಡಿದರು. ತಿರುಗಿಸಿ ಹಿಂಬದಿ ನೋಡಿದರು. "ಎಂಟು ಅಂತ ಹೇಳಿದಿರಂತೆ?"

"ಹೌದು, ಎಂಟು ಹೆಸರು ಉಂಟಲ್ಲ. ಪಟ್ಟಿ ಒಂದೇ."

ಮೇಡಂ ಕುರ್ಚಿಯಲ್ಲಿ ಕುಳಿತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಅವರು ಗೇಟಿನ ಕಡೆಗೆ ಕೂಗಿ ಹೇಳಿದ ಮೇಲೆ ಕ್ಲರ್ಕು ಕೋಲನ್ನು ಮಾವಿನ ಮರಕ್ಕೆ ಒರಗಿಸಿಟ್ಟರು. ನನಗೂ ಆಗಲೇ ತಿಳಿದದ್ದು, ನಾನು ಆಫೀಸಿನಲ್ಲಿ ಎಂಟು ನಾಯಿಗಳ ಒಡತಿಯಾಗಿ ಬಂದಿದ್ದೇನೆ ಎಂದು!

ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಸರಿಯಾಗುತ್ತಿತ್ತು. ನಗುತ್ತಾ ಕುಳಿತ ಆ ಹೆಂಗಸಿಗೆ ಒಂದು ಲೋಟ ನಿಂಬೆ ಶರಬತ್ತು ಕೊಟ್ಟು, 'ಇದು ಹೀಗೆ ಹೀಗೆ ಮೇಡಂ, ಎಂತ ಮಾಡುವುದು ಹೇಳಿ,' ಎಂದಿದ್ದರೆ ಅವರೇ ದಾರಿ ತೋರಿಸುತ್ತಿದ್ದರು. ಆದರೆ ನನ್ನ ತಲೆಯಲ್ಲಿ ಉಪಾಯ ರೆಡಿಯಾಗಿ ಕುಳಿತಿತ್ತಲ್ಲ! ಮಾಡಿದ ಅಡುಗೆ ಬಡಿಸದೆ ಇರುವುದು ಹೇಗೆ?

"ಇವರೆಲ್ಲ ನಮ್ಮ ಸಂಬಂಧಿಕರ ಮಕ್ಕಳೇ ಮೇಡಂ," ಎಂದೆ.

ಮೇಡಂ ಹಾಳೆಯ ಮೇಲೆ ಬೆರಳಿಟ್ಟರು. "ಅನಸ್?"

"ನನ್ನ ತಂಗಿಯ ಮಗ."

"ತಂಗಿಯ ಹೆಸರು?"

"ಜಮೀಲಾ."

ಬೆರಳು ಕೆಳಗೆ ಇಳಿಯಿತು. "ಚಿನ್ಮಯಿ ಶೆಟ್ಟಿ?"

"ಇನ್ನೊಬ್ಬ ತಂಗಿಯ ಮಗಳು. ಸುಮತಿ."

"ನಿಮ್ಮ ಹೆಸರು ಲಿಲ್ಲಿ ಡಿಸೋಜ ಅಲ್ಲವಾ?"

"ಹೌದು."

"ನಿಮ್ಮ ತಂದೆಯವರು ಬಹಳ ದೊಡ್ಡ ಮನಸ್ಸಿನವರು," ಎಂದರು ಮೇಡಂ.

ನನಗೆ ನೆಲ ಬಿರಿಯಬಾರದೇ ಅನಿಸಿತು. ಅಷ್ಟು ಹೊತ್ತಿಗೆ ಗ್ರೆಗರಿ ಊಟಕ್ಕೆಂದು ಮನೆಗೆ ಬಂದರು. ಗಂಡನ ಅಣ್ಣನ ಮಕ್ಕಳೆಂದು ನಾನು ಹೇಳಿದ್ದ ಇಬ್ಬರನ್ನು ತೋರಿಸಿ ಮೇಡಂ ಅವರನ್ನೇ ಕೇಳಿದರು, "ಇವರು ನಿಮ್ಮ ಅಣ್ಣನ ಮಕ್ಕಳಾ?"

"ನನಗೆ ಅಣ್ಣ ಇಲ್ಲ," ಎಂದರು ಗ್ರೆಗರಿ. ಕೈ ತೊಳೆಯಲು ಒಳಗೆ ಹೋದರು.

ಉಳಿದದ್ದು ಚಿನ್ನು. ಮೇಡಂ ಅವಳ ಗಲ್ಲ ಹಿಡಿದು, "ಪುಟ್ಟೀ, ಇವರು ನಿನಗೆ ಎಂತ ಆಗಬೇಕು?" ಎಂದು ಕೇಳಿದರು. ಚಿನ್ನು ಕೈ ಕಟ್ಟಿ ನಿಂತು, ಶಾಲೆಯಲ್ಲಿ ಪದ್ಯ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದಳು:

"ಯಾರಾದರೂ ಕೇಳಿದರೆ ದೊಡ್ಡಮ್ಮ ಅಂತ ಹೇಳಬೇಕು ಅಂತ ಬಾಯಮ್ಮ ಹೇಳಿದ್ದಾರೆ!"

ಮೇಡಂ ಈ ಸಲ ನಗಲಿಲ್ಲ. ಆಗ ನನ್ನ ಸೀರೆಯ ನೆರಿಗೆಯನ್ನು ಯಾರೋ ಎಳೆದ ಹಾಗಾಯಿತು. ಬಗ್ಗಿ ನೋಡಿದರೆ ಅನಸ್. ಅವನು ನನ್ನ ಮುಖ ನೋಡುತ್ತಾ, ತುಟಿಗಳನ್ನು ಒಮ್ಮೆ ಒಟ್ಟಿಗೆ ಒತ್ತಿ, ಮತ್ತೆ ಬಿಡಿಸಿ ಹೇಳಿದ:

"ದೊದ್ದಮ್ಮ."

ಅವನು ಹುಟ್ಟಿದ ಮೇಲೆ ಆಡಿದ ಮೊದಲ ಮಾತು. ನಾನು ಅವನನ್ನು ಎತ್ತಿಕೊಂಡೆ. ಜಗಲಿ, ಜೀಪು, ಮೇಡಂ ಎಲ್ಲ ಮರೆತುಹೋಯಿತು. "ಮಾತಾಡಿದ! ಮೇಡಂ, ಮಾತಾಡಿದ!" ಎಂದು ಅಂಗಳದಲ್ಲಿ ಒಂದು ಸುತ್ತು ಬಂದೆ. ಕ್ಲರ್ಕು ವಿಷಯ ಅರ್ಥವಾಗದೆ ಮತ್ತೆ ಕೋಲನ್ನು ಕೈಗೆ ತೆಗೆದುಕೊಂಡರು.

ಮೇಡಂ ಎಲ್ಲ ನೋಡಿದರು. ಅಡುಗೆಮನೆ ನೋಡಿದರು, ಮಲಗುವ ಚಾಪೆ ನೋಡಿದರು, ಬಾವಿಕಟ್ಟೆ ನೋಡಿದರು. ಹೊರಡುವಾಗ ಗೇಟಿನ ಬಳಿ ನಿಂತು ಬೋರ್ಡು ನೋಡಿದರು. ಅಲ್ಲಿ ಬಹಳ ಹೊತ್ತು ನಿಂತರು.

"ಚೇಚಿ, ಈ ಮಲಯಾಳದ ಸಾಲು ಯಾರು ಬರೆಸಿದ್ದು?"

"ಪೈಂಟರು. ಹೆಸರು ಬರೆಯಲಿಕ್ಕೆ ನಾನೇ ಹೇಳಿದ್ದು."

"ಹೆಸರಿನ ಕೆಳಗೆ 'ಸರ್ಕಾರ್ ಅಂಗೀಕೃತಂ' ಅಂತ ಉಂಟು. ಸರಕಾರ ಒಪ್ಪಿಗೆ ಕೊಟ್ಟ ಸಂಸ್ಥೆ ಅಂತ."

ಪೈಂಟರಿಗೆ ಅಲ್ಲಿಂದಲೇ ಫೋನು ಮಾಡಿದೆ. ಅವನು ಬಹಳ ಸಂತೋಷದಿಂದ ಹೇಳಿದ, "ಅದು ಎಲ್ಲ ಬೋರ್ಡಿನಲ್ಲೂ ಇರ್ತದೆ ಬಾಯಮ್ಮ. ನಿಮಗೆ ಫ್ರೀಯಾಗಿ ಹಾಕಿ ಕೊಟ್ಟದ್ದು!"

ಮೇಡಂ ನನ್ನ ಕೈ ಹಿಡಿದುಕೊಂಡು ಮಾತಾಡಿದರು. ಬೈದಿದ್ದರೆ ಎಷ್ಟೋ ಸುಖವಿತ್ತು. "ಮಕ್ಕಳು ಇಲ್ಲಿ ಚೆನ್ನಾಗಿದ್ದಾರೆ. ಅದು ನನಗೆ ಕಾಣ್ತದೆ. ಒಬ್ಬಿಬ್ಬರನ್ನು ಇಟ್ಟುಕೊಂಡು, ಉಳಿದವರಿಗೆ ಅರ್ಜಿ ಹಾಕಿ ಅಂತ ಹೇಳಿ ಹೋಗಬಹುದಿತ್ತು. ಆದರೆ ಸರಕಾರದ ಹೆಸರಲ್ಲಿ ಬೋರ್ಡು ಇಟ್ಟು, ನನ್ನ ಎದುರು ಸಂಬಂಧಿಕರು ಅಂತ ಸುಳ್ಳು ಹೇಳಿದ ಮೇಲೆ ನಾನು ಕಣ್ಣು ಮುಚ್ಚಿ ಹೋಗುವ ಹಾಗಿಲ್ಲ ಚೇಚಿ. ನಾಳೆ ಈ ಬಾವಿಗೆ ಒಂದು ಮಗು ಬಿದ್ದರೆ ನೀವೂ ಇಲ್ಲ, ನಾನೂ ಇಲ್ಲ. ಕಾಗದ ಎಲ್ಲ ಸರಿ ಮಾಡಿ. ಅಲ್ಲಿಯವರೆಗೆ ನಿಲ್ಲಿಸಿ."

ಬಾವಿಗೆ ಬಲೆ ಇರಲಿಲ್ಲ. ಗ್ರೆಗರಿ ಹಾಕಿಸುತ್ತೇನೆ ಎಂದು ಹೇಳುತ್ತಲೇ ಇದ್ದರು. ಬೋರ್ಡಿಗೆ ಖರ್ಚು ಮಾಡಿದ ದಿನ ನನಗೆ ಬಲೆಯ ನೆನಪು ಬಂದಿರಲಿಲ್ಲ. ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಅದೇ ಸಂಜೆ ಜಮೀಲಾ ಯೂನಿಫಾರಂನಲ್ಲಿಯೇ ಓಡಿ ಬಂದಳು. ಅವಳಿಗೆ ನಾನು ಒಂದೇ ಉಸಿರಿನಲ್ಲಿ ಎರಡು ಸುದ್ದಿ ಹೇಳಬೇಕಾಯಿತು. ಮಗ ಮಾತಾಡಿದ. ನಾಳೆಯಿಂದ ಅವನನ್ನು ಕರೆದುಕೊಂಡು ಬರಬೇಡ.

ಅವಳು ಮೊದಲನೆಯದಕ್ಕೆ ಅತ್ತಳೋ ಎರಡನೆಯದಕ್ಕೋ ನನಗೆ ತಿಳಿಯಲಿಲ್ಲ. "ಸಾರ ಇಲ್ಲ ಬಾಯಮ್ಮ, ಬೇಜಾರು ಮಾಡಬೇಡಿ," ಎಂದಳು. ಅವಳೇ ನನ್ನನ್ನು ಸಮಾಧಾನ ಮಾಡಿದಳು.

ಸುಮತಿ ಟೀಚರು ಚಿನ್ನುವನ್ನು ಬಾಯಾರಿನಲ್ಲಿದ್ದ ಅಕ್ಕನ ಮನೆಯಲ್ಲಿ ಬಿಟ್ಟು, ಶನಿವಾರ ಕರೆತಂದು ಸೋಮವಾರ ಬಿಟ್ಟುಬರುವ ಹಾಗಾಯಿತು. ಉಳಿದವರು ಅಜ್ಜಿ, ಅತ್ತೆ, ನಾದಿನಿ ಎಂದು ಯಾರು ಯಾರನ್ನೋ ಹುಡುಕಿಕೊಂಡರು. ಜಮೀಲಾಳಿಗೆ ಯಾರೂ ಇರಲಿಲ್ಲ. ಸ್ವಲ್ಪ ದಿನ ರಜೆ ಹಾಕಿದಳು. ಕ್ಲಿನಿಕ್ಕಿನವರು ಎಷ್ಟು ದಿನ ಕಾಯುತ್ತಾರೆ? ಕೆಲಸ ಬಿಟ್ಟಳು. ಒಂದು ದಿನ ಸಂತೆಯಲ್ಲಿ ಸಿಕ್ಕಿದಾಗ ಅನಸ್ ನನ್ನನ್ನು ನೋಡಿ ದೂರದಿಂದಲೇ "ದೊಡ್ಡಮ್ಮಾ!" ಎಂದು ಕೂಗಿದ. ಈಗ ಎಷ್ಟು ಸ್ಪಷ್ಟ! ನಾನು ಬಸಳೆ ಕಟ್ಟಿನ ಹಿಂದೆ ಮುಖ ಇಟ್ಟುಕೊಂಡು ಬೆಲೆ ಕೇಳುವವಳ ಹಾಗೆ ನಟಿಸಿದೆ.

ಆದರೆ ಹಟ ನನ್ನದು. ತಪ್ಪನ್ನು ಸರಿ ಮಾಡಿಯೇ ಸಿದ್ಧ ಎಂದು ಕಾಗದದ ಯುದ್ಧಕ್ಕೆ ಇಳಿದೆ. ಮನೆ ನಮ್ಮ ಸ್ವಾಧೀನದಲ್ಲಿದೆ ಎಂದು ವಿಲ್ಲೇಜ್ ಆಫೀಸಿನಿಂದ ಕೈವಶ ಸರ್ಟಿಫಿಕೇಟು, ಮನೆಯ ಪ್ಲಾನು, ಬೆಂಕಿ ಆರಿಸುವ ಕೆಂಪು ಸಿಲಿಂಡರು, ನೀರಿನ ಪರೀಕ್ಷೆ. ನೀರಿನ ಪರೀಕ್ಷೆಗೆ ಬಾಟಲಿ ಕೊಂಡುಹೋದಾಗ ಅದರಲ್ಲಿ ಕೊಬ್ಬರಿ ಎಣ್ಣೆಯ ವಾಸನೆ ಬಂದು ನಮ್ಮ ಬಾವಿಯ ಬಗ್ಗೆಯೇ ಅವರಿಗೆ ಸಂಶಯ ಬಂತು. ತಪ್ಪು ಬಾವಿಯದ್ದಲ್ಲ. ಬಾಟಲಿ ತೊಳೆದದ್ದು ನಾನು! ಗ್ರೆಗರಿ ಬಾವಿಗೆ ಬಲೆ ಹಾಕಿಸಿದರು. ಮಕ್ಕಳ ಅಳತೆಯ ಒಂದು ಪುಟ್ಟ ಕಕ್ಕಸು ಕಟ್ಟಿಸಿದರು. ಅವರು ಒಂದು ಮಾತೂ ಆಡಲಿಲ್ಲ. ಹಿಂದೆ ಆಡಿದ್ದು ಸಾಕಾಗಿತ್ತು.

ಪ್ರತಿ ಸಲ ಆಫೀಸಿಗೆ ಹೋದಾಗಲೂ ಕ್ಲರ್ಕು ಎದ್ದು ನಿಂತು ಕುರ್ಚಿ ಕೊಡುತ್ತಿದ್ದರು. ಅಷ್ಟರಲ್ಲಿ ಅವರೂ ಸ್ವಲ್ಪ ಕನ್ನಡ ಕಲಿತಿದ್ದರು. "ಬಾಯಮ್ಮ, ಮಕ್ಕಳ ಲಿಸ್ಟು ಕೊಡಿ," ಎನ್ನುತ್ತಿದ್ದರು. 'ಲಿಸ್ಟು' ಎಂಬ ಶಬ್ದವನ್ನು ಬಹಳ ಒತ್ತಿ ಹೇಳುತ್ತಿದ್ದರು.

ಒಂದು ಮಳೆಗಾಲ ಕಳೆಯಿತು, ಇನ್ನೊಂದೂ ಕಳೆಯಿತು. ಕೊನೆಗೆ ಲೈಸನ್ಸ್ ಬಂತು! ನಾನು ಅದನ್ನು ಕಟ್ಟು ಹಾಕಿಸಿ, ದೇವರ ಫೋಟೋದ ಪಕ್ಕದಲ್ಲಿ ತೂಗುಹಾಕಿ, ಒಳ್ಳೆಯ ಸೀರೆ ಉಟ್ಟು ಮನೆಮನೆಗೆ ಹೊರಟೆ.

ಸುಮತಿ ಟೀಚರು ಬಹಳ ಖುಷಿಪಟ್ಟರು. "ಆದರೆ ಚಿನ್ನು ಈಗ ಎಲ್‌ಕೆಜಿ ಬಾಯಮ್ಮ. ಶಾಲೆಯ ವ್ಯಾನು ಮನೆಯ ಬಾಗಿಲಿಗೇ ಬರ್ತದೆ." ಇನ್ನೊಬ್ಬರ ಮಗು ಅಂಗನವಾಡಿಗೆ. ಮತ್ತೊಬ್ಬರದ್ದು ಪೇಟೆಯಲ್ಲಿ ಹೊಸದಾಗಿ ತೆರೆದ ಪ್ಲೇ ಸ್ಕೂಲಿಗೆ, ಅಲ್ಲಿ ಜಾರುಬಂಡಿ ಉಂಟಂತೆ. ಎಲ್ಲರೂ ನನಗೆ ಶುಭಾಶಯ ಹೇಳಿದರು, ಚಾ ಕೊಟ್ಟರು. ಮಗುವನ್ನು ಮಾತ್ರ ಯಾರೂ ಕೊಡಲಿಲ್ಲ. ಮಕ್ಕಳು ಬೆಳೆಯುತ್ತಾರೆ ಎಂಬ ಸಂಗತಿ, ಮಕ್ಕಳ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ ಎಂದುಕೊಂಡಿದ್ದ ನನಗೆ ಹೊಳೆದಿರಲೇ ಇಲ್ಲ!

ಹೀಗೆ ನಮ್ಮ ವಾರ್ಡಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಪೂರ್ಣ ಅರ್ಹತೆಯಿರುವ ಏಕೈಕ ಹೆಂಗಸಾಗಿ, ಒಂದೂ ಮಗುವಿಲ್ಲದೆ ಕುಳಿತೆ.

ಒಂದು ಬೆಳಿಗ್ಗೆ ಗೇಟಿನಲ್ಲಿ ರಿಕ್ಷಾ ನಿಂತಿತು. ಜಮೀಲಾ! ಅವಳ ಕೈಯಲ್ಲಿ ಗುಲಾಬಿ ಬಣ್ಣದ ಟೊಪ್ಪಿ ಹಾಕಿದ ಎರಡನೆಯ ಮಗು.

"ಬಾಯಮ್ಮ, ಕಾಸರಗೋಡಿನಲ್ಲಿ ಒಂದು ಕೆಲಸದ ಇಂಟರ್‌ವ್ಯೂ ಉಂಟು. ಅನಸ್ ಅಂಗನವಾಡಿಗೆ ಹೋಗಿದ್ದಾನೆ. ಮಧ್ಯಾಹ್ನದವರೆಗೆ ಇವಳನ್ನು ನೋಡಿಕೊಳ್ತೀರಾ?"

ನನ್ನ ಕೈ ತಾನಾಗಿ ಮುಂದೆ ಹೋಯಿತು. ಮಗುವಿನ ಕಾಲು ನನ್ನ ಬೆರಳಿಗೆ ತಾಗಿತು. ಆದರೆ ಅಷ್ಟರಲ್ಲಿ ನನ್ನ ಬಾಯಿ ತೆರೆದುಕೊಂಡಿತು.

"ಅದಕ್ಕೆಂತ, ನೋಡಿಕೊಳ್ತೇನೆ. ಮಗುವಿನ ಜನನ ಸರ್ಟಿಫಿಕೇಟಿನ ಕಾಪಿ ತಂದಿದ್ದೀಯಾ?"

"ಎಂತ?"

"ಮತ್ತೆ ಎರಡು ಫೋಟೋ, ಲಸಿಕೆಯ ಕಾರ್ಡು. ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿದ ಒಪ್ಪಿಗೆ ಪತ್ರ. ಇಲ್ಲದಿದ್ದರೆ ಲೈಸನ್ಸಿಗೆ ತೊಂದರೆ ಆಗ್ತದೆ ನೋಡು. ನಿಯಮ ಎಂದರೆ ನಿಯಮ."

ಜಮೀಲಾ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಸರಕಾರಿ ಆಫೀಸಿನ ಕಿಟಕಿಯ ಎದುರು ನಿಂತು ಮಧ್ಯಾಹ್ನದ ನಂತರ ಬನ್ನಿ ಎಂದು ಹೇಳಿಸಿಕೊಂಡವರು ನೋಡುತ್ತಾರಲ್ಲ, ಹಾಗೆ ನೋಡಿದಳು.

"ಹೊತ್ತಾಯಿತು ಬಾಯಮ್ಮ. ಇವಳನ್ನೂ ಕರೆದುಕೊಂಡೇ ಹೋಗ್ತೇನೆ," ಎಂದು ಮೆಲ್ಲಗೆ ಹೇಳಿ ರಿಕ್ಷಾ ಹತ್ತಿದಳು.

ರಿಕ್ಷಾ ತಿರುವಿನಲ್ಲಿ ಮರೆಯಾದ ಮೇಲೆ ನನಗೆ ಎಚ್ಚರವಾಯಿತು. "ಜಮೀಲಾ! ಏ ಜಮೀಲಾ! ಕೊಡು ಮಾರಾಯ್ತಿ, ಯಾವ ಕಾಗದವೂ ಬೇಡ!" ಎಂದು ಬರಿಗಾಲಿನಲ್ಲಿ ರಸ್ತೆಯವರೆಗೆ ಓಡಿದೆ. ಅಲ್ಲಿ ರಿಕ್ಷಾದ ಹೊಗೆ ಮಾತ್ರ ಇತ್ತು. ಕೆಲಸ ಅವಳಿಗೆ ಆ ದಿನ ಸಿಗಲಿಲ್ಲವೆಂದು ಆಮೇಲೆ ಗೊತ್ತಾಯಿತು. ಇಂಟರ್‌ವ್ಯೂ ನಡುವೆ ಮಗು ಅತ್ತಿತಂತೆ.

ಹಿಂತಿರುಗಿ ಬರುವಾಗ ಗ್ರೆಗರಿ ಜಗಲಿಯಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು ಎಂದು ಮುಖ ನೋಡಿಯೇ ತಿಳಿಯಿತು. ನಾನು ಮೆಟ್ಟಿಲಿನ ಮೇಲೆ ಕುಳಿತೆ. ಅವರು ಒಳಗೆ ಹೋಗಿ, ಸ್ವಲ್ಪ ಹೊತ್ತಿನ ನಂತರ ಒಂದು ಲೋಟ ಚಾ ತಂದು ನನ್ನ ಕೈಗೆ ಕೊಟ್ಟರು.

ಅರ್ಜಿ ಕೇಳಲಿಲ್ಲ.